ಬ್ಯಾಂಕಾಕ್, ಚಿಯಾಂಗ್ ಮಾಯ್, ಜೊಮ್ತಿಯೆನ್, ಫುಕೆಟ್: ಗೇ ಆಗಿದ್ದರೆ ಎಲ್ಲಿ ಉಳಿಯಬೇಕು?

ತಿಂಗಳಿಗೆ ಒಂದೆರಡು ಸಲವಾದರೂ ಈ ಮೆಸೇಜ್ ಬರುತ್ತದೆ. "ಅಣ್ಣಾ, ಥಾಯ್ಲೆಂಡ್‌ಗೆ ಟಿಕೆಟ್ ಮಾಡಿದೀನಿ. ಯಾವ ಊರಲ್ಲಿ ಉಳ್ಕೊಳ್ಳಲಿ?" ಕೇಳುವವರೇನೂ ಒಂದೇ ಥರದವರಲ್ಲ. ಈಚೆಗೆ ಕೇಳಿದವರಲ್ಲಿ ಒಬ್ಬ ಹುಬ್ಬಳ್ಳಿಯ ಹುಡುಗ, ಗೆಳೆಯನ ಜೊತೆ ಹತ್ತು ದಿನಕ್ಕೆ ಬರುವವನು. ಇನ್ನೊಬ್ಬರು ಮಂಗಳೂರಿನ ಲೆಕ್ಚರರ್, 52 ವರ್ಷ, ಕೆಲಸ ಬಿಟ್ಟು ಇಲ್ಲೇ ಇದ್ದುಬಿಡುವ ಯೋಚನೆಯಲ್ಲಿರುವವರು. ಮೂರನೆಯವರು ದುಬೈನಲ್ಲಿ ದುಡಿಯುವ ದಾವಣಗೆರೆಯವರು. "ಒಂದು ತಿಂಗಳು ನಿರಾಳವಾಗಿ ಉಸಿರಾಡಬೇಕು, ಅಷ್ಟೇ" ಅಂದಿದ್ದರು.

ನಾನು ಎಲ್ಲರಿಗೂ ಮೊದಲು ಕೇಳುವುದು ಒಂದೇ. ಶನಿವಾರ ರಾತ್ರಿ ಬಿಡಿ, ಮಂಗಳವಾರ ಮಧ್ಯಾಹ್ನ ಏನು ಮಾಡಬೇಕು ಅಂತಿದೀರಿ? ರಾತ್ರಿಯ ಬಾರು, ಹೆಣ್ಣುವೇಷದ ಡ್ರ್ಯಾಗ್ ಶೋ, ಡ್ಯಾನ್ಸ್ ಈ ನಾಲ್ಕೂ ಊರಲ್ಲಿ ಒಂದಿಷ್ಟು ಸಿಕ್ಕೇ ಸಿಗುತ್ತದೆ. ಊರಿಂದ ಊರಿಗೆ ಬದಲಾಗುವುದು ಹಗಲು. ಬೆಳಿಗ್ಗೆ ಕಾಫಿ ಎಲ್ಲಿ ಕುಡಿಯುತ್ತೀರಿ, ಬಿಸಿಲಲ್ಲಿ ಎಷ್ಟು ನಡೆಯಬೇಕಾಗುತ್ತದೆ, ಹುಷಾರಿಲ್ಲದಾಗ ಯಾರ ಹತ್ತಿರ ಹೋಗುತ್ತೀರಿ, ಪಕ್ಕದ ಮನೆಯವರು ನಿಮ್ಮಿಬ್ಬರನ್ನು ನೋಡಿ ಏನು ಕೇಳುತ್ತಾರೆ. ನಾನು ಸಿಲೋಮ್‌ನಲ್ಲಿ ಇದ್ದೆ, ಚಿಯಾಂಗ್ ಮಾಯ್‌ನಲ್ಲಿ ಒಂದು ಚಳಿಗಾಲ ಕಳೆದೆ, ಜೊಮ್ತಿಯೆನ್‌ನಲ್ಲಿ ಒಂದು ವರ್ಷ ಇದ್ದೆ. ಈಗ ನಾನು, ನನ್ನ ಥಾಯ್ ಸಂಗಾತಿ ಬ್ಯಾಂಕಾಕಿನ ಆನ್ ನುಟ್ ಕಡೆ ಇದ್ದೇವೆ. ಹಾಗಾಗಿ ಈ ಹೋಲಿಕೆ ಟೂರ್ ಪ್ಯಾಕೇಜಿನವರ ಲೆಕ್ಕದ್ದಲ್ಲ, ಬಾಡಿಗೆ ಕಟ್ಟಿದವನ ಲೆಕ್ಕದ್ದು.

ಕಾನೂನಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಇಲ್ಲಿ ಇಬ್ಬರು ಗಂಡಸರ ಸಂಬಂಧ 1957ರಿಂದಲೇ ಅಪರಾಧವಲ್ಲ. ನಮ್ಮಲ್ಲಿ ಅದನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್ 377ರ ಕಾಟ ತಪ್ಪಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಥಾಯ್ಲೆಂಡ್‌ನಲ್ಲಿ ಲಿಂಗಭೇದದ ವಿರುದ್ಧದ ಕಾಯ್ದೆ 2015ರಲ್ಲಿ ಬಂತು. 2025ರ ಜನವರಿ 23ರಿಂದ ಮದುವೆಯೂ ಸಮಾನ. ಕಾನೂನು ಇಡೀ ದೇಶಕ್ಕೆ ಒಂದೇ ಆಗಿರುವುದರಿಂದ ಯಾವ ಊರಲ್ಲಿ ಹೆಚ್ಚು ಸುರಕ್ಷಿತ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಟ್ರಾನ್ಸ್ ಗೆಳೆಯರಿಗೆ ಮಾತ್ರ ಒಂದು ಮಾತು: ಬೀದಿಯಲ್ಲಿ ಇಲ್ಲಿನ ಜನ ಸಲೀಸು, ಆದರೆ ದಾಖಲೆಯಲ್ಲಿ ಲಿಂಗ ಬದಲಾಯಿಸಿಕೊಳ್ಳಲು ಥಾಯ್ ಕಾನೂನು ಇನ್ನೂ ಬಿಡುವುದಿಲ್ಲ.

ಬ್ಯಾಂಕಾಕ್: ಮೊದಲ ಸಲಕ್ಕೆ ಇದೇ

ಮೊದಲ ಸಲ ಬರುವವರಿಗೆ ನಾನು ಎರಡನೇ ಯೋಚನೆ ಇಲ್ಲದೆ ಬ್ಯಾಂಕಾಕ್ ಹೇಳುತ್ತೇನೆ. ಈ ಊರಲ್ಲಿ ಯಾರೂ ನಿಮ್ಮನ್ನು ತಿರುಗಿ ನೋಡುವುದಿಲ್ಲ. ನಮ್ಮ ಕಡೆಯಿಂದ ಬಂದವರಿಗೆ ಅದೇ ಒಂದು ದೊಡ್ಡ ವಿಶ್ರಾಂತಿ.

ಸೊಯ್ ಅಂದರೆ ಅಡ್ಡರಸ್ತೆ, ನಮ್ಮ ಬೆಂಗಳೂರಿನ 'ಕ್ರಾಸ್' ಇದ್ದ ಹಾಗೆ. ಸಿಲೋಮ್ ರಸ್ತೆಯ ಸೊಯ್ 4 ಬಿಟಿಎಸ್ ರೈಲಿನ ಸಾಲಾ ಡೇಂಗ್ ನಿಲ್ದಾಣದಿಂದ ಕೆಲವೇ ನಿಮಿಷದ ನಡಿಗೆ. ಇಕ್ಕಟ್ಟಾದ ಓಣಿ. ಎರಡೂ ಕಡೆ ಬಾರುಗಳ ಟೇಬಲ್ಲುಗಳು ಎದುರುಬದುರಾಗಿ ಹೊರಗೇ ಹಾಕಿರುತ್ತಾರೆ. ಸಂಜೆ ಏಳೂವರೆಗೆ ಹೋಗಿ ಕೂತುಕೊಳ್ಳಿ. ಗದ್ದಲ ಇನ್ನೂ ಶುರುವಾಗಿರುವುದಿಲ್ಲ. ಆಫೀಸು ಮುಗಿಸಿ ಬಂದ ಹುಡುಗರು ಟೈ ಸಡಿಲ ಮಾಡಿಕೊಂಡು ಅನ್ನ ತಿನ್ನುತ್ತಿರುತ್ತಾರೆ. ಅರವತ್ತು ದಾಟಿದ ಜೋಡಿಯೊಂದು ಒಂದೇ ತಟ್ಟೆಯಲ್ಲಿ ಫಿಶ್ ಕೇಕ್ ಹಂಚಿಕೊಳ್ಳುತ್ತಿರುತ್ತದೆ. ನಾನು ಮೊದಲ ಸಲ ಅಲ್ಲಿ ಕೂತಾಗ ಒಂದೇ ಬಿಯರ್ ಇಟ್ಟುಕೊಂಡು ಎರಡು ಗಂಟೆ ಸುಮ್ನೆ ನೋಡಿದ್ದೆ. ಊರಲ್ಲಿ ಯಾವತ್ತೂ ಹಾಗೆ ಕೂತು ನೋಡುವ ಅವಕಾಶ ಸಿಕ್ಕಿರಲಿಲ್ಲ. ಡ್ಯಾನ್ಸ್ ಬೇಕಾದವರು ಹನ್ನೊಂದರ ಮೇಲೆ ಸೊಯ್ 2ರ ಡಿಜೆ ಸ್ಟೇಷನ್‌ಗೆ ಹೋಗುತ್ತಾರೆ. 20 ತುಂಬದವರನ್ನು ಒಳಗೆ ಬಿಡುವುದಿಲ್ಲ, ಪಾಸ್‌ಪೋರ್ಟ್ ತೋರಿಸಬೇಕು.

ಹಗಲಲ್ಲೂ ಸಿಲೋಮ್ ಸತ್ತಿರುವುದಿಲ್ಲ. ಲುಂಪಿನಿ ಪಾರ್ಕ್ ಪಕ್ಕದಲ್ಲೇ ಇದೆ. ಬೆಳಿಗ್ಗೆ ಅಲ್ಲಿ ಓಡುವವರ ಜೊತೆ ದೊಡ್ಡ ದೊಡ್ಡ ಉಡಗಳೂ ಕೆರೆಯ ದಡದಲ್ಲಿ ಓಡಾಡುತ್ತಿರುತ್ತವೆ. ಅದೇ ರಸ್ತೆಯಲ್ಲಿ ಇನ್ನೂ ಒಂದು ಕಿಲೋಮೀಟರು ಚಿಲ್ಲರೆ ನಡೆದರೆ 19ನೇ ಶತಮಾನದಲ್ಲಿ ತಮಿಳರು ಕಟ್ಟಿದ ಶ್ರೀ ಮಹಾ ಮಾರಿಯಮ್ಮನ್ ದೇವಸ್ಥಾನ. ಆ ಸುತ್ತಿನಲ್ಲಿ ಇಡ್ಲಿ, ದೋಸೆ, ಫಿಲ್ಟರ್ ಕಾಫಿ ಎಲ್ಲಾ ಸಿಗುತ್ತದೆ. ಮನೆ ನೆನಪಾದ ದಿನಗಳಲ್ಲಿ ನಾನು ಎಷ್ಟೋ ಸಲ ಅಲ್ಲಿಗೆ ಹೋಗಿದ್ದೇನೆ.

ಆದರೆ ಒಂದು ತಿಂಗಳಿಗಿಂತ ಜಾಸ್ತಿ ಇರುವುದಾದರೆ ಸಿಲೋಮ್ ಬೇಡ. ಬಾಡಿಗೆ ದುಬಾರಿ, ರಾತ್ರಿ ಸದ್ದು. ಒಂದು ಬೆಡ್‌ರೂಮಿನ ಕಾಂಡೊ (ಅಪಾರ್ಟ್‌ಮೆಂಟ್ ಮನೆ) ಅಲ್ಲಿ ತಿಂಗಳಿಗೆ 20ರಿಂದ 35 ಸಾವಿರ ಬಾತ್ ಆದರೆ, ಆನ್ ನುಟ್ ಕಡೆ 12ರಿಂದ 20 ಸಾವಿರಕ್ಕೆ ಸಿಗುತ್ತದೆ. ಒಂದು ಬಾತ್ ಅಂದರೆ ಸುಮಾರು ಎರಡೂವರೆಯಿಂದ ಮೂರು ರೂಪಾಯಿ ಅಂತ ಲೆಕ್ಕ ಹಾಕಿಕೊಳ್ಳಿ. ಆನ್ ನುಟ್‌ನಿಂದ ಸಿಯಾಮ್‌ನಲ್ಲಿ ರೈಲು ಬದಲಿಸಿ ಸಾಲಾ ಡೇಂಗ್‌ಗೆ ಬರಲು ಅರ್ಧ ಗಂಟೆ. ರೈಲು ಮಧ್ಯರಾತ್ರಿಗೆ ನಿಲ್ಲುತ್ತದೆ, ಆಮೇಲೆ ಟ್ಯಾಕ್ಸಿ ಇಲ್ಲವೇ ನಮ್ಮ ಓಲಾ ಥರದ ಗ್ರ್ಯಾಬ್ ಆ್ಯಪ್. ಆರೀ ಬಡಾವಣೆ ಇನ್ನೂ ಚೆಂದ. ನೆರಳಿನ ರಸ್ತೆಗಳು, ಕಾಫಿ ಅಂಗಡಿಗಳು, ಸ್ವಲ್ಪ ಜಯನಗರದ ಗಾಳಿ ಇದೆ ಅಲ್ಲಿ. ಬಾಡಿಗೆ ಮಾತ್ರ ಆನ್ ನುಟ್‌ಗಿಂತ ಜಾಸ್ತಿ. ಥಾಯ್ ಭಾಷೆ ಸ್ವಲ್ಪ ಬರುವವರಿಗೆ ರಾಮ್‌ಖಾಮ್‌ಹೇಂಗ್ ಕಡೆಯ ಬಾರುಗಳು ಇಷ್ಟವಾಗಬಹುದು. ಅಲ್ಲಿ ಹೊರದೇಶದವರು ಕಡಿಮೆ, ವಿದ್ಯಾರ್ಥಿಗಳು ಜಾಸ್ತಿ. ಹಾಡೆಲ್ಲಾ ಥಾಯ್, ಬಾರು ತುಂಬಾ ಜನ ಒಟ್ಟಿಗೆ ಹಾಡುತ್ತಾರೆ.

ಚಿಯಾಂಗ್ ಮಾಯ್: ತಿಂಗಳು ನೋಡಿ ಹೋಗಿ

ಇಬ್ಬರೇ ಸಮಾಧಾನವಾಗಿ ಇರಬೇಕು, ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡಬೇಕು, ಖರ್ಚು ಕಡಿಮೆ ಆಗಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಊರಿಲ್ಲ. ಸುತ್ತ ಕಂದಕ ಇರುವ ಹಳೇ ಪಟ್ಟಣ, ಹಿಂದೆ ದೊಯ್ ಸುಥೆಪ್ ಬೆಟ್ಟ, ಭಾನುವಾರ ಸಂಜೆ ರಾಚದಮ್ನೋನ್ ರಸ್ತೆಯ ಸಂತೆ. ನಿಮ್ಮನ್‌ಹೇಮಿನ್ ಬಡಾವಣೆ ದುಬಾರಿಯಾಗಿದೆ. ಪಕ್ಕದ ಸಾಂತಿಥಾಮ್‌ನಲ್ಲಿ 8ರಿಂದ 12 ಸಾವಿರ ಬಾತ್‌ಗೆ ಒಳ್ಳೆಯ ರೂಮು ಸಿಗುತ್ತದೆ. ತೆಂಗಿನಹಾಲಿನ ಖಾವ್ ಸೋಯ್ ನೂಡಲ್ಸ್ ಒಂದು ತಿಂದರೆ ಮಧ್ಯಾಹ್ನದ ಊಟ ಆಯಿತು.

ಗೇ ಬದುಕು ಇಲ್ಲಿ ಚಿಕ್ಕದು, ಆದರೆ ಬೆಚ್ಚಗಿದೆ. ನೈಟ್ ಬಜಾರ್ ಹತ್ತಿರದ ರಾಮ್ ಬಾರ್‌ನಲ್ಲಿ ಕ್ಯಾಬರೆ ನಡೆಯುತ್ತದೆ. ನೋಡಲು ಥಾಯ್ ಕುಟುಂಬದವರೂ ಬಂದು ಕೂರುತ್ತಾರೆ. ಈ ಊರಿಗೆ ಒಂದು ಗಾಯದ ನೆನಪೂ ಇದೆ. 2009ರ ಫೆಬ್ರವರಿ 21ರಂದು ಇಲ್ಲಿನ ಪ್ರೈಡ್ ಮೆರವಣಿಗೆಯನ್ನು, ಅಂದರೆ ಗೇ, ಟ್ರಾನ್ಸ್ ಜನರ ಮೆರವಣಿಗೆಯನ್ನು, ವಿರೋಧಿಗಳ ಗುಂಪು ತಡೆದು ನಿಲ್ಲಿಸಿತು. ಒಳಗೆ ಸಿಕ್ಕಿಹಾಕಿಕೊಂಡವರು ಗಂಟೆಗಟ್ಟಲೆ ಬೈಗುಳ ಕೇಳಿದರು. ಸರಿಯಾಗಿ ಹತ್ತು ವರ್ಷಕ್ಕೆ, 2019ರ ಅದೇ ಫೆಬ್ರವರಿ 21ಕ್ಕೆ, ಮೆರವಣಿಗೆ ಮತ್ತೆ ಹೊರಟಿತು. ಥಾಯ್ಲೆಂಡ್‌ನಲ್ಲಿ ಎಲ್ಲಾ ಮೊದಲಿಂದಲೂ ಸಲೀಸಾಗಿತ್ತು ಅಂತ ಯಾರಾದರೂ ಹೇಳಿದರೆ ನನಗೆ ಈ ಎರಡು ತಾರೀಕು ನೆನಪಾಗುತ್ತದೆ. ಇಲ್ಲಿನ ಹುಡುಗರು ನಮಗೆ ಸುಮ್ಮನೆ ಸಿಕ್ಕಿದೆ ಅನಿಸುವ ಈ ನೆಮ್ಮದಿಗಾಗಿ ಬೀದಿಯಲ್ಲಿ ನಿಂತಿದ್ದಾರೆ.

ಊರಿನ ದೊಡ್ಡ ತೊಂದರೆ ಹೊಗೆ. ಫೆಬ್ರವರಿಯಿಂದ ಏಪ್ರಿಲ್ ತನಕ ಸುತ್ತಲಿನ ಗುಡ್ಡ, ಕಾಡು, ಹೊಲಗಳಲ್ಲಿ ಬೆಂಕಿ. ಬೆಟ್ಟಗಳ ನಡುವಿನ ಬಟ್ಟಲಿನಂಥ ಊರಾದ್ದರಿಂದ ಹೊಗೆ ಹೊರಗೆ ಹೋಗುವುದೇ ಇಲ್ಲ. ಪ್ರಪಂಚದಲ್ಲೇ ಅತಿ ಕೆಟ್ಟ ಗಾಳಿಯ ಊರುಗಳ ಪಟ್ಟಿಯಲ್ಲಿ ಆ ದಿನಗಳಲ್ಲಿ ಇದರ ಹೆಸರೂ ಇರುತ್ತದೆ. ನನಗೆ ಗೊತ್ತಿರಲಿಲ್ಲ. ನವೆಂಬರ್‌ನಲ್ಲಿ ಹೋದವನು ಖುಷಿಯಲ್ಲಿ ಆರು ತಿಂಗಳ ಕರಾರು ಮಾಡಿದೆ. ಮಾರ್ಚ್ ಎರಡನೇ ವಾರ ಬಾಲ್ಕನಿಯಿಂದ ಬೆಟ್ಟವೇ ಕಾಣದಾಯಿತು. ಕೆಮ್ಮು ಹಿಡಿದು ಬಿಡಲಿಲ್ಲ. ಕರಾರು ಮುರಿದು ಹೊರಟೆ, ಓನರ್ ಅಡ್ವಾನ್ಸ್ ವಾಪಸ್ ಕೊಡಲಿಲ್ಲ. ನವೆಂಬರ್‌ನಿಂದ ಜನವರಿ ಇಲ್ಲಿ ಸ್ವರ್ಗ, ಮಳೆಗಾಲವೂ ಚೆನ್ನ. ಆಸ್ತಮಾ ಇದ್ದವರು ಮಾತ್ರ ಫೆಬ್ರವರಿಗೆ ಮುಂಚೆ ಹೊರಟುಬಿಡಿ.

ಜೊಮ್ತಿಯೆನ್ ಮತ್ತು ಫುಕೆಟ್: ಎರಡೂ ಸಮುದ್ರವೇ, ಆದರೆ

ಪಟ್ಟಾಯ ಅಂದ ಕೂಡಲೇ ನಮ್ಮವರ ಮುಖದಲ್ಲಿ ಒಂದು ನಗು ಬರುತ್ತದೆ, ಗೊತ್ತಲ್ವಾ. ಆ ಪಟ್ಟಾಯದ ದಕ್ಷಿಣಕ್ಕೆ ಅಂಟಿಕೊಂಡಿರುವ ಜೊಮ್ತಿಯೆನ್ ಬೇರೆಯೇ ಜಾಗ. ಅಲ್ಲಿನ ದೊಂಗ್‌ತಾನ್ ಬೀಚ್ ಗೇ ಬೀಚ್ ಅಂತ ವರ್ಷಗಳಿಂದ ಹೆಸರಾಗಿದೆ. ಮರದ ನೆರಳು, ಸಾಲು ಕುರ್ಚಿ, ಛತ್ರಿ. ಬೆಳಿಗ್ಗೆ ಕುರ್ಚಿ ಬಾಡಿಗೆಗೆ ತೆಗೆದುಕೊಂಡರೆ ಸಂಜೆ ತನಕ ನಿಮ್ಮದೇ. ಹಣ್ಣು ಮಾರುವ ಅಮ್ಮ, ಮಸಾಜ್ ಮಾಡುವವರು, ಪೇಪರ್ ಓದುವ ಅಜ್ಜಂದಿರು ಎಲ್ಲಾ ದಿನವೂ ಅದೇ ಜಾಗದಲ್ಲಿ. ಸಂಜೆಯಾದರೆ ಜೊಮ್ತಿಯೆನ್ ಕಾಂಪ್ಲೆಕ್ಸ್‌ನ ಬಾರುಗಳು. ಐವತ್ತು ದಾಟಿದ ಗೇ ಗಂಡಸಿಗೆ ಹಗಲಿಗೂ ರಾತ್ರಿಗೂ ಜೊತೆ ಸಿಗುವ ಊರು ಅಂದರೆ ನನ್ನ ಮಟ್ಟಿಗೆ ಇದೇ. ನಮ್ಮ ಊರುಗಳಲ್ಲಿ ವಯಸ್ಸಾದ ಗೇ ಗಂಡಸರು ಕಾಣಿಸುವುದೇ ಇಲ್ಲ. ಇಲ್ಲಿ ಅವರು ಚಡ್ಡಿ ಹಾಕಿಕೊಂಡು ಬಿಸಿಲು ಕಾಯಿಸುತ್ತಾ ಸಂಸಾರದ ಮಾತಾಡುತ್ತಿರುತ್ತಾರೆ. ನಾನು ಮೂವತ್ತೆರಡನೇ ವಯಸ್ಸಿನಲ್ಲಿ ಅದನ್ನು ನೋಡಿದ ಮೇಲೆ ಮುಪ್ಪಿನ ಹೆದರಿಕೆ ಎಷ್ಟೋ ಕಡಿಮೆಯಾಯಿತು.

ಬ್ಯಾಂಕಾಕಿನಿಂದ ಬಸ್ಸಿನಲ್ಲಿ ಎರಡೂವರೆ ಗಂಟೆ. ವಿಮಾನ ನಿಲ್ದಾಣದಿಂದಲೇ ನೇರ ಬಸ್ ಇದೆ. ಊರೊಳಗೆ ಹಿಂದೆ ಎರಡು ಸಾಲು ಬೆಂಚು ಹಾಕಿದ ಸೊಂಗ್‌ತ್ಯಾವ್ ಗಾಡಿಗಳು ಓಡುತ್ತವೆ, ನಮ್ಮ ಟೆಂಪೊ ಇದ್ದ ಹಾಗೆ. ಕೈ ಮಾಡಿದರೆ ನಿಲ್ಲುತ್ತವೆ, ಗಂಟೆ ಒತ್ತಿ ಇಳಿಯುವುದು. ಸಣ್ಣ ಸ್ಟುಡಿಯೊ ರೂಮು 7ರಿಂದ 12 ಸಾವಿರ ಬಾತ್.

ಇಲ್ಲಿ ನಮ್ಮವರಿಗಷ್ಟೇ ಬೇಕಾದ ಒಂದು ಎಚ್ಚರಿಕೆ ಇದೆ, ಬೇರೆ ದೇಶದವರ ಗೈಡುಗಳಲ್ಲಿ ಸಿಗುವುದಿಲ್ಲ. ಪಟ್ಟಾಯಕ್ಕೆ ಭಾರತದಿಂದ ಟೂರ್ ಗುಂಪುಗಳು ವರ್ಷವಿಡೀ ಬರುತ್ತವೆ. ಕಂಪನಿಯ ಡೀಲರ್‌ಗಳು, ಕಾಲೇಜು ಗೆಳೆಯರ ಗುಂಪುಗಳು, ಬೆಂಗಳೂರಿನ ಬಿಲ್ಡರುಗಳು. ಅಲ್ಲಿನ ಬಾರುಗಳ ಬೀದಿ ವಾಕಿಂಗ್ ಸ್ಟ್ರೀಟ್‌ನಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪವೇನಲ್ಲ. ಮನೆಯಲ್ಲಿ ಇನ್ನೂ ಹೇಳಿಲ್ಲದವರು, ಸಂಗಾತಿಯ ಕೈ ಹಿಡಿದು ನಡೆಯುವಾಗ ಯಾರೋ ತೆಗೆದ ವಿಡಿಯೊದಲ್ಲಿ ಸಿಕ್ಕಿಬಿದ್ದರೆ ಮಾರನೇ ದಿನ ಅದು ಊರಿನ ವಾಟ್ಸಾಪ್ ಗುಂಪಿನಲ್ಲಿರಬಹುದು. ಹಾಗಂತ ಹೆದರಿ ಕೂರಬೇಡಿ. ಗುಂಪುಗಳು ಇರುವುದು ಪಟ್ಟಾಯದ ಮಧ್ಯಭಾಗದಲ್ಲಿ, ಜೊಮ್ತಿಯೆನ್‌ನಲ್ಲಿ ಕಡಿಮೆ. ಹೇಳಬೇಕೋ ಬೇಡವೋ, ಯಾವಾಗ ಹೇಳಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇರಬೇಕು. ಅದಕ್ಕೇ ಈ ಮಾತು.

ಫುಕೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡರಲ್ಲಿ ಇಲ್ಲಿನ ಸಮುದ್ರವೇ ಹೆಚ್ಚು ಸುಂದರ. ಅಲ್ಲಿನ ಪಾತೊಂಗ್ ಬೀಚ್‌ನ ಪ್ಯಾರಡೈಸ್ ಕಾಂಪ್ಲೆಕ್ಸ್ ಸುತ್ತ ಗೇ ಬಾರುಗಳಿವೆ. ಐದು ದಿನದ ಹನಿಮೂನಿಗೆ ಚೆಂದ. ಆದರೆ ಟ್ಯಾಕ್ಸಿ ವಿಪರೀತ ದುಬಾರಿ, ಸ್ಕೂಟರ್ ಓಡಿಸಲು ಬಾರದವರಿಗೆ ಕಷ್ಟ. ಮೇಯಿಂದ ಅಕ್ಟೋಬರ್ ತನಕ ಮಳೆ, ಅಲೆ. ಬೀಚಿನಲ್ಲಿ ಕೆಂಪು ಬಾವುಟ ಹಾರಿಸಿದ್ದರೆ ನೀರಿಗೆ ಇಳಿಯಲೇಬಾರದು, ಪ್ರತಿ ವರ್ಷ ಪ್ರವಾಸಿಗರು ಸಾಯುತ್ತಾರೆ. ಬಾಡಿಗೆ ಹಿಡಿದು ಬದುಕಲು ನಾನು ಯಾರಿಗೂ ಫುಕೆಟ್ ಹೇಳಿಲ್ಲ.

ಹೋಟೆಲೋ ಕಾಂಡೊವೋ

ಇಬ್ಬರು ಗಂಡಸರಿಗೆ ಒಂದು ಡಬಲ್ ಬೆಡ್ ಕೇಳಿದರೆ ರಿಸೆಪ್ಷನ್‌ನಲ್ಲಿ ಏನಂತಾರೆ? ಹುಬ್ಬಳ್ಳಿಯ ಹುಡುಗ ಮೂರು ಸಲ ಕೇಳಿದ ಪ್ರಶ್ನೆ ಇದು. ಏನೂ ಅನ್ನುವುದಿಲ್ಲ. ಇಬ್ಬರ ಪಾಸ್‌ಪೋರ್ಟ್ ತೆಗೆದುಕೊಳ್ಳುತ್ತಾರೆ, ಕೀ ಕೊಡುತ್ತಾರೆ, ತಿಂಡಿ ಎಷ್ಟು ಗಂಟೆಗೆ ಅಂತ ಹೇಳುತ್ತಾರೆ. ನಮ್ಮೂರಿನ ಲಾಡ್ಜ್‌ಗಳಲ್ಲಿ ಎರಡು ಸಿಂಗಲ್ ಬೆಡ್ ಕೇಳಿ ರೂಮಿನಲ್ಲಿ ಜೋಡಿಸಿಕೊಂಡು ಬೆಳಿಗ್ಗೆ ಮತ್ತೆ ಬೇರೆ ಮಾಡಿಟ್ಟು ಬಂದವರಿಗೆ ಇದು ನಂಬಲು ಒಂದು ದಿನ ಬೇಕಾಗುತ್ತದೆ.

ರಾತ್ರಿ ಯಾರನ್ನಾದರೂ ಜೊತೆಗೆ ಕರೆತಂದರೆ ಅನೇಕ ಹೋಟೆಲುಗಳಲ್ಲಿ ಅವರ ಐಡಿ ಕಾರ್ಡನ್ನು ರಿಸೆಪ್ಷನ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ಅವರು ಹೊರಡುವಾಗ ನಿಮ್ಮ ರೂಮಿಗೆ ಫೋನ್ ಮಾಡಿ ಎಲ್ಲಾ ಸರಿಯಿದೆಯಾ ಅಂತ ಕೇಳಿ ಕಾರ್ಡ್ ವಾಪಸ್ ಕೊಡುತ್ತಾರೆ. ಅವಮಾನ ಅಂದುಕೊಳ್ಳಬೇಡಿ. ಅದು ನಿಮ್ಮ ಪರ್ಸಿಗೂ ಒಳ್ಳೆಯದು, ಬಂದವರಿಗೂ ಒಳ್ಳೆಯದು. ಮತ್ತೆ, ಆ ಕಾರ್ಡನ್ನು ನೀವೂ ಒಮ್ಮೆ ನೋಡುವುದು ಒಳ್ಳೆಯದು, ವಯಸ್ಸು ಖಾತ್ರಿಯಾಗುತ್ತದೆ. ಥಾಯ್ ಕಾರ್ಡಿನಲ್ಲಿ ಬುದ್ಧ ಶಕೆಯ ವರ್ಷ ಇರುತ್ತದೆ, 543 ಕಳೆದರೆ ನಮ್ಮ ಲೆಕ್ಕ. ಕೆಲವು ಹೋಟೆಲು ಹೆಚ್ಚುವರಿ ಅತಿಥಿಗೆ ದುಡ್ಡು ಕೇಳುತ್ತವೆ, ಬುಕ್ ಮಾಡುವಾಗಲೇ ವಿಚಾರಿಸಿ.

ಒಂದು ತಿಂಗಳು ದಾಟಿದರೆ ಕಾಂಡೊ ಅಗ್ಗ. ಎರಡು ತಿಂಗಳ ಅಡ್ವಾನ್ಸ್, ಒಂದು ತಿಂಗಳ ಮುಂಗಡ ಬಾಡಿಗೆ, ಇದು ಇಲ್ಲಿನ ರೂಢಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಮೇಲೆ 'ಬ್ಯಾಚುಲರ್ಸಾ?' ಅನ್ನಿಸಿಕೊಂಡವರಿಗೆ ಇದು ಸುಲಭ ಅನಿಸುತ್ತದೆ. ಸಹಿ ಹಾಕುವ ಮುಂಚೆ ಎರಡು ವಿಷಯ ಕೇಳಿ. ಒಂದು, ಕರೆಂಟಿನ ದರ. ನನ್ನ ಮೊದಲ ಓನರ್ ಯೂನಿಟ್‌ಗೆ 8 ಬಾತ್ ಹಾಕುತ್ತಿದ್ದರು, ಸರ್ಕಾರಿ ದರ 4ರ ಆಸುಪಾಸಿನಲ್ಲಿದ್ದಾಗ. ಏಪ್ರಿಲ್ ಸೆಖೆಗೆ ಎಸಿ ಹಾಕಿ ಮಲಗಿದೆ, ಬಿಲ್ ಬಂದಾಗ ಬಾಡಿಗೆಯ ಮೂರನೇ ಒಂದು ಭಾಗ ಅದೇ ಆಗಿತ್ತು. ಎರಡು, ಟಿಎಂ 30. ಹೊರದೇಶದವರು ಮನೆಗೆ ಬಂದರೆ 24 ಗಂಟೆಯೊಳಗೆ ಓನರ್ ಇಮಿಗ್ರೇಷನ್‌ಗೆ ತಿಳಿಸಬೇಕು. ಅದನ್ನು ಮಾಡದ ಓನರ್ ಆದರೆ ಮುಂದೆ ವೀಸಾ ವಿಸ್ತರಿಸುವಾಗ ಅಲೆದಾಡುವವರು ನೀವು.

ಎಷ್ಟು ದಿನ, ಯಾವ ವೀಸಾ

2024ರ ಜುಲೈ 15ರಂದು ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರಲು ಬಿಟ್ಟರು. ಈ ನಿಯಮ ಆಗಾಗ ಬದಲಾಗುವಂಥದ್ದು, ಟಿಕೆಟ್ ಮಾಡುವ ದಿನವೇ ಥಾಯ್ ರಾಯಭಾರ ಕಚೇರಿಯ ಪುಟ ನೋಡಿ. ಆ ನಿಯಮ ಇನ್ನೂ ಇದ್ದರೆ ರಜೆಗೆ ಬರುವವರಿಗೆ ಬೇರೆ ವೀಸಾ ಬೇಡ.

ಬೇರೆ ದೇಶದ ಕಂಪನಿಗೆ ಲ್ಯಾಪ್‌ಟಾಪ್‌ನಲ್ಲೇ ದುಡಿಯುವವರಿಗೆ 2024ರಲ್ಲಿ ಶುರುವಾದ ಡಿಟಿವಿ ಒಳ್ಳೆಯದು. ಐದು ವರ್ಷದ ವೀಸಾ, ಪ್ರತಿ ಸಲ ಬಂದಾಗ 180 ದಿನ. ಬ್ಯಾಂಕಿನಲ್ಲಿ 5 ಲಕ್ಷ ಬಾತ್‌ಗೆ ಸಮನಾದ ಹಣ ತೋರಿಸಬೇಕು. ಥಾಯ್ ಕಂಪನಿಗೆ ಮಾತ್ರ ಇದರಲ್ಲಿ ಕೆಲಸ ಮಾಡುವಂತಿಲ್ಲ. 50 ದಾಟಿದವರಿಗೆ ನಿವೃತ್ತಿ ವೀಸಾ: ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್, ಇಲ್ಲವೇ ತಿಂಗಳಿಗೆ 65 ಸಾವಿರ ಬಾತ್ ಆದಾಯ. ಥಾಯ್ ಪ್ರಜೆಯನ್ನು ಮದುವೆಯಾದವರಿಗೆ ಇದು 4 ಲಕ್ಷ ಇಲ್ಲವೇ ತಿಂಗಳಿಗೆ 40 ಸಾವಿರಕ್ಕೆ ಇಳಿಯುತ್ತದೆ. ಮದುವೆ ಕಾನೂನು ಬದಲಾದ ಮೇಲೆ ಆ ದಾರಿ ನಮಗೂ ತೆರೆದಿದೆ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್ ದಂಡ, ಹೆಚ್ಚೆಂದರೆ 20 ಸಾವಿರ. ತುಂಬಾ ದಿನ ಮೀರಿದರೆ ದೇಶಕ್ಕೆ ಮತ್ತೆ ಬರದ ಹಾಗೆ ನಿಷೇಧವನ್ನೇ ಹಾಕುತ್ತಾರೆ.

ಮದುವೆ: ಇಲ್ಲಿ ಗಂಡ, ಊರಲ್ಲಿ ಯಾರು?

ಸಿಲೋಮ್ ಇರುವುದು ಬಾಂಗ್ ರಾಕ್ ಜಿಲ್ಲೆಯಲ್ಲಿ. 'ರಾಕ್' ಅಂದರೆ ಥಾಯ್‌ನಲ್ಲಿ ಪ್ರೀತಿ. ಅದಕ್ಕೇ ಫೆಬ್ರವರಿ 14ರಂದು ಮದುವೆ ನೋಂದಾಯಿಸಲು ಜನ ಆ ಜಿಲ್ಲಾ ಕಚೇರಿಯ ಮುಂದೆ ಸಾಲು ನಿಲ್ಲುತ್ತಾರೆ. 2025ರಿಂದ ಆ ಸಾಲಿನಲ್ಲಿ ಎರಡು ಮದುಮಗ, ಎರಡು ಮದುಮಗಳೂ ನಿಲ್ಲಬಹುದು. ಹೊಸ ಕಾನೂನಿನಲ್ಲಿ 'ಗಂಡ-ಹೆಂಡತಿ' ಅನ್ನುವ ಜಾಗದಲ್ಲಿ 'ಸಂಗಾತಿಗಳು' ಅನ್ನುವ ಪದ ಬಂದಿದೆ. ಆಸ್ತಿ, ದತ್ತು, ಆಸ್ಪತ್ರೆಯಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ಒಪ್ಪಿಗೆ ಕೊಡುವುದು, ಎಲ್ಲದರಲ್ಲೂ ಸಮ.

ಭಾರತೀಯರು ಇಲ್ಲಿ ಮದುವೆಯಾಗಬೇಕಾದರೆ ಅವಿವಾಹಿತರೆಂಬ ದಾಖಲೆ ನಮ್ಮ ರಾಯಭಾರ ಕಚೇರಿಯಿಂದ ಬೇಕು. ಅದರ ಥಾಯ್ ಅನುವಾದಕ್ಕೆ ಥಾಯ್ ವಿದೇಶಾಂಗ ಇಲಾಖೆಯ ಮುದ್ರೆ ಬೇಕು. ಎರಡೂ ಕಚೇರಿಯಲ್ಲಿ ಮುಂಚೆಯೇ ಕೇಳಿಕೊಂಡು ಕೆಲಸ ಶುರು ಮಾಡಿ. ಮತ್ತೆ ಒಂದು ಕಹಿ ಮಾತು. ನಮ್ಮ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಅಂದರೆ ಬ್ಯಾಂಕಾಕಿನಲ್ಲಿ ನಿಮ್ಮ ಗಂಡನಾದವನು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಬರೀ ಸ್ನೇಹಿತ. ಊರಿನ ಆಸ್ತಿ, ಅಲ್ಲಿನ ಬ್ಯಾಂಕ್ ಖಾತೆ, ವಿಮೆ ಇವುಗಳಿಗೆ ಪ್ರತ್ಯೇಕವಾಗಿ ವಿಲ್, ನಾಮಿನಿ ಮಾಡಿಡಬೇಕು. ಬದುಕು ಇಲ್ಲೇ, ಸಂಗಾತಿ ಥಾಯ್ ಅನ್ನುವವರಿಗೆ ಮದುವೆ ಖಂಡಿತ ಮಾಡಿಕೊಳ್ಳಿ ಅನ್ನುತ್ತೇನೆ. ಇಬ್ಬರೂ ಭಾರತೀಯರು, ವಾಪಸ್ ಹೋಗುವವರು ಅಂದರೆ ಆ ಕಾಗದ ನಿಮ್ಮ ಮನಸ್ಸಿಗೆ ಮಾತ್ರ. ಮನಸ್ಸಿಗೆ ಅಂತಲೇ ಮಾಡಿಕೊಂಡವರೂ ಇದ್ದಾರೆ, ಅದನ್ನು ನಾನು ಕಡಿಮೆ ಅನ್ನುವುದಿಲ್ಲ.

ಆರೋಗ್ಯ

ಖಾಸಗಿ ಆಸ್ಪತ್ರೆಗೆ ಹೋದರೆ ಇಂಗ್ಲಿಷ್, ಎಸಿ, ಜ್ಯೂಸ್ ಎಲ್ಲಾ ಸಿಗುತ್ತದೆ, ಬಿಲ್ಲೂ ಹಾಗೇ ಇರುತ್ತದೆ. ಎಚ್‌ಐವಿ ಮತ್ತು ಲೈಂಗಿಕ ರೋಗಗಳ ಪರೀಕ್ಷೆಗೆ ಅಲ್ಲಿಗೆ ಹೋಗುವ ಅಗತ್ಯವೇ ಇಲ್ಲ. ಬ್ಯಾಂಕಾಕಿನ ರಾಚದಮ್ರಿ ರಸ್ತೆಯಲ್ಲಿ ಥಾಯ್ ರೆಡ್ ಕ್ರಾಸ್‌ನ ಅನಾಮಿಕ ಕ್ಲಿನಿಕ್ 1991ರಿಂದ ನಡೆಯುತ್ತಿದೆ. ಹೆಸರು ಹೇಳಬೇಕಿಲ್ಲ, ನಂಬರ್ ಕೊಡುತ್ತಾರೆ. ಚಿಯಾಂಗ್ ಮಾಯ್‌ನಲ್ಲಿ ಎಂಪ್ಲಸ್, ಕೇರ್‌ಮ್ಯಾಟ್ ಅನ್ನುವ ಸಮುದಾಯದ ಸಂಸ್ಥೆಗಳೇ ಈ ಕೆಲಸ ಮಾಡುತ್ತವೆ. ಅಲ್ಲಿ ರಕ್ತ ತೆಗೆಯುವವರೂ ನಮ್ಮಂಥ ಗೇ, ಟ್ರಾನ್ಸ್ ಜನರೇ ಆಗಿರುವುದರಿಂದ ಮುಜುಗರ ಇರುವುದಿಲ್ಲ. ಕಳೆದ ತಿಂಗಳು ಎಷ್ಟು ಜನ ಅಂತ ಕೇಳುವಾಗ ಮುಖದಲ್ಲಿ ಏನೂ ಬದಲಾಗುವುದಿಲ್ಲ. ಊರಲ್ಲಿ ಡಾಕ್ಟರ ಮುಂದೆ ಸುಳ್ಳು ಹೇಳಿ ಅಭ್ಯಾಸವಾದ ನನಗೆ ಮೊದಲ ಸಲ ನಿಜ ಹೇಳಿದ ಆ ಕುರ್ಚಿ ಈಗಲೂ ನೆನಪಿದೆ.

ಎಚ್‌ಐವಿ ತಡೆಯುವ ಪ್ರೆಪ್ ಮಾತ್ರೆ ಇಲ್ಲಿ ಸುಲಭವಾಗಿ ಸಿಗುತ್ತದೆ. ಏನಾದರೂ ಎಡವಟ್ಟಾಯಿತು ಅನಿಸಿದರೆ ಕಾಯಬೇಡಿ. ಆಮೇಲೆ ತಗೊಳ್ಳುವ ಪೆಪ್ ಮಾತ್ರೆಯನ್ನು (ಪ್ರೆಪ್ ಬೇರೆ, ಇದು ಬೇರೆ) 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, 28 ದಿನ ಬಿಡದೆ ತಗೋಬೇಕು. ಎಚ್‌ಐವಿ ಇರುವವರು ಪ್ರವಾಸಕ್ಕೆ ಬರಲು ಇಲ್ಲಿ ಯಾವ ತಡೆಯೂ ಇಲ್ಲ, ನಿಮ್ಮ ಮಾತ್ರೆಗಳನ್ನು ಡಾಕ್ಟರ್ ಚೀಟಿ ಸಮೇತ ಕೈಚೀಲದಲ್ಲೇ ತನ್ನಿ.

ಜನ

ಥಾಯ್ ಭಾಷೆಯ ಒಂದು ಪದ ನನಗೆ ತುಂಬಾ ಇಷ್ಟ: ಫೇನ್. ಹುಡುಗ, ಹುಡುಗಿ, ಗಂಡ, ಹೆಂಡತಿ ಎಲ್ಲದಕ್ಕೂ ಅದೇ ಪದ. ನಮ್ಮ ಬೀದಿಯ ನೂಡಲ್ಸ್ ಅಂಗಡಿಯ ಅಮ್ಮ ನಾನೊಬ್ಬನೇ ಹೋದರೆ "ಫೇನ್ ಎಲ್ಲಿ?" ಅನ್ನುತ್ತಾಳೆ, ಒಂದು ಪ್ಯಾಕೆಟ್ ಜಾಸ್ತಿ ಕಟ್ಟುತ್ತಾಳೆ. ಅಣ್ಣ, ಅಕ್ಕ ಇಬ್ಬರಿಗೂ 'ಪೀ', ಕಿರಿಯರಿಗೆಲ್ಲಾ 'ನಾಂಗ್'. ನಮ್ಮ ಹಾಗೇ ಇವರೂ ಗುರುತಿಲ್ಲದವರನ್ನೂ ನೆಂಟರ ಹೆಸರಿಂದ ಕರೆಯುತ್ತಾರೆ.

ಆದರೂ ಬೀದಿಯಲ್ಲಿ ಮುತ್ತು, ಅಪ್ಪುಗೆ ಬೇಡ. ಗಂಡು-ಹೆಣ್ಣು ಜೋಡಿಯೂ ಇಲ್ಲಿ ಅದನ್ನು ಮಾಡುವುದಿಲ್ಲ. ಕೈ ಹಿಡಿದು ನಡೆಯಿರಿ, ಯಾರಿಗೂ ಏನೂ ಅಲ್ಲ. ದೇವಾಲಯಗಳಲ್ಲಿ ಮಾತ್ರ ಬಿಡಿ.

ನೋವಿನ ವಿಷಯವನ್ನೂ ಹೇಳಬೇಕು. ಭಾರತೀಯರನ್ನು ಇಲ್ಲಿ 'ಖೇಕ್' ಅನ್ನುತ್ತಾರೆ. ಆ ಪದಕ್ಕೆ ಅತಿಥಿ ಅಂತಲೂ ಅರ್ಥ ಇದೆ, ಹೇಳುವ ದನಿಯಲ್ಲಿ ಯಾವಾಗಲೂ ಆ ಅರ್ಥ ಇರುವುದಿಲ್ಲ. ಬಿಳಿ ಚರ್ಮದ ಹುಚ್ಚು ಈ ದೇಶದಲ್ಲೂ ಇದೆ. ಡೇಟಿಂಗ್ ಆ್ಯಪ್‌ಗಳಲ್ಲಿ 'ಭಾರತೀಯರು ಬೇಡ' ಅಂತ ಪ್ರೊಫೈಲಿನಲ್ಲೇ ಬರೆದುಕೊಂಡವರು ಸಿಗುತ್ತಾರೆ. ಮೊದಲ ವಾರ ಅದನ್ನು ಓದಿ ರೂಮಲ್ಲೇ ಕೂತ ಹುಡುಗರನ್ನು ನಾನು ನೋಡಿದ್ದೇನೆ. ಆ್ಯಪ್ ಮತ್ತು ಬಾರು ಎರಡಕ್ಕಿಂತ ಒಳ್ಳೆಯ ದಾರಿ ಹಗಲಿನ ಗೆಳೆತನ. ಬ್ಯಾಡ್ಮಿಂಟನ್ ಕೋರ್ಟ್, ಜಿಮ್, ಥಾಯ್ ಭಾಷೆಯ ಕ್ಲಾಸು, ಜೂನ್ ತಿಂಗಳ ಪ್ರೈಡ್‌ಗೆ ಬ್ಯಾನರ್ ಬರೆಯುವ ಗುಂಪು. ನನ್ನ ಸಂಗಾತಿ ಸಿಕ್ಕಿದ್ದು ಬ್ಯಾಡ್ಮಿಂಟನ್ ಆಡುವಾಗ. ಆರು ವಾರ ನಾವು ಶಟಲ್ ಲೆಕ್ಕ ಬಿಟ್ಟು ಬೇರೇನೂ ಮಾತಾಡಿರಲಿಲ್ಲ.

ದುಡ್ಡಿನ ಸಂಬಂಧಗಳ ಬಗ್ಗೆ: ಬಾರಿನಲ್ಲಿ ದುಡಿಯುವ ಹುಡುಗರು ಹೆಚ್ಚಿನವರು ಬಡ ಊರುಗಳಿಂದ, ನೆರೆ ದೇಶಗಳಿಂದ ಬಂದವರು, ಮನೆಗೆ ಹಣ ಕಳಿಸುವವರು. ಕಾನೂನಿನ ಪ್ರಕಾರ ದುಡ್ಡಿಗೆ ಮೈ ಮಾರುವ ವ್ಯವಹಾರ ಅಪರಾಧ, 18ಕ್ಕಿಂತ ಚಿಕ್ಕವರಾದರೆ ಶಿಕ್ಷೆ ಬಹಳ ಕಠಿಣ. ಅವರನ್ನು ಚೌಕಾಸಿ ಮಾಡುವುದು, ಕೀಳಾಗಿ ನೋಡುವುದು ಎರಡೂ ನನಗೆ ಸಹಿಸಲಾಗದ ವಿಷಯ.

ಮೂವರಿಗೂ ನಾನು ಹೇಳಿದ್ದು

ಹುಬ್ಬಳ್ಳಿಯ ಹುಡುಗನಿಗೆ: ಆರು ರಾತ್ರಿ ಸಿಲೋಮ್, ನಾಲ್ಕು ರಾತ್ರಿ ಚಿಯಾಂಗ್ ಮಾಯ್, ನವೆಂಬರ್‌ನಲ್ಲಿ. ಲೆಕ್ಚರರ್‌ಗೆ: ಮನೆ ಮಾರಬೇಡಿ, ಮೊದಲು ಜೊಮ್ತಿಯೆನ್‌ನಲ್ಲಿ ಎರಡು ತಿಂಗಳು ಇರಿ, ಅದರಲ್ಲಿ ಒಂದು ತಿಂಗಳು ಸೆಪ್ಟೆಂಬರ್ ಆಗಿರಲಿ. ಆ ಮಳೆಯಲ್ಲೂ ಊರು ಹಿಡಿಸಿದರೆ ಮಾತ್ರ ನಿವೃತ್ತಿ ವೀಸಾ. ದುಬೈನವರಿಗೆ ನಾನು ಚಿಯಾಂಗ್ ಮಾಯ್ ಹೇಳಿದೆ. ಅವರು ಒಪ್ಪಲಿಲ್ಲ. ಆರೀಯಲ್ಲಿ ರೂಮು ಮಾಡಿದರು. ಜನರ ನಡುವೆ ಇರಬೇಕು, ಮೂಲೆಯಲ್ಲಿ ಬಚ್ಚಿಟ್ಟುಕೊಂಡಿದ್ದು ಸಾಕಾಗಿದೆ ಅಂದರು. ಅವರು ಹೇಳಿದ್ದೇ ಸರಿ ಇತ್ತು.

ಹೊರಡುವವರಿಗೆ ಇನ್ನೊಂದೆರಡು. ಬರುವ ದಿನಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, 2025ರ ಮೇ 1ರಿಂದ ಕಡ್ಡಾಯ. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ಸೈಟು ಸರ್ಕಾರದ್ದಲ್ಲ. ವೇಪ್ (ಇ-ಸಿಗರೇಟ್) ಇದ್ದರೆ ಮನೆಯಲ್ಲೇ ಬಿಡಿ, ಇಲ್ಲಿ ನಿಷಿದ್ಧ. ಪ್ರವಾಸಿ ಪೊಲೀಸರ ನಂಬರ್ 1155, ಆಂಬ್ಯುಲೆನ್ಸ್ 1669. ಎರಡನ್ನೂ ಇವತ್ತೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.